ಸುತ್ತೋಲೆ ಬಂತು, ಓದಿದವರು ಯಾರು?

ಸರ್ಕಾರಿ ಶಾಲೆ ಮೇಷ್ಟ್ರುಗಳ ಯಾವುದಾದರೂ ವಾಟ್ಸಾಪ್ ಗುಂಪನ್ನು ತೆಗೆದು ನೋಡಿ. ಒಂದೇ ದಿನದಲ್ಲಿ ಎಷ್ಟು ಪಿಡಿಎಫ್ ಬಂದಿರುತ್ತವೆ! ಮೊಟ್ಟೆ ಎಷ್ಟು ಮಕ್ಕಳು ತಿಂದರು, ಹಾಲಿನ ಪುಡಿ ಎಷ್ಟು ಉಳಿದಿದೆ, ಶೂ ಸಾಕ್ಸ್ ಬಿಲ್ಲು, ಮಕ್ಕಳ ದಾಖಲೆ ಇಡುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಆಧಾರ್ ತಿದ್ದುಪಡಿ, ನಾಳೆಯ ದಿನಾಚರಣೆಯ ಫೋಟೊ. ಅವುಗಳ ಮಧ್ಯೆ ಎಲ್ಲೋ ಒಂದು ಕಡೆ ಹತ್ತನೇ ತರಗತಿ ಪ್ರಶ್ನೆಪತ್ರಿಕೆಯ ಸ್ವರೂಪ ಬದಲಾದ ಸುತ್ತೋಲೆಯೂ ಇರುತ್ತದೆ. ಎಲ್ಲದರ ತಲೆಯ ಮೇಲೂ ‘ಅತಿ ಜರೂರು’ ಅಂತ ಬರೆದಿರುತ್ತದೆ. ಕೆಳಗೆ ಸಾಲಾಗಿ ಕೈಮುಗಿದ ಚಿಹ್ನೆಗಳು. ಅಲ್ಲಿಗೆ ವಿಷಯ ಎಲ್ಲರಿಗೂ ತಲುಪಿತು ಅಂತ ಲೆಕ್ಕ.

ಈ ಲೆಕ್ಕದ ಬಗ್ಗೆ ನನಗೆ ಬಹಳ ದಿನದಿಂದ ಸಮಾಧಾನ ಇಲ್ಲ. ನಾನು ಹೈಸ್ಕೂಲು ಮೇಷ್ಟ್ರಾಗಿದ್ದವನು. ಕೊನೆಯ ಕೆಲವು ವರ್ಷ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಬಿಆರ್‌ಪಿ, ಅಂದರೆ ತಾಲ್ಲೂಕು ಮಟ್ಟದ ಸಂಪನ್ಮೂಲ ವ್ಯಕ್ತಿ ಆಗಿ ಕೆಲಸ ಮಾಡಿದೆ. ಈಗ ನಿವೃತ್ತನಾಗಿದ್ದೇನೆ. ತುಮಕೂರು ಒಂದೇ ಕಂದಾಯ ಜಿಲ್ಲೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಒಂದು ಕಡೆ, ಉಳಿದ ಆರು ತಾಲ್ಲೂಕು ಇನ್ನೊಂದು ಕಡೆ. ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದು ಬೆಂಗಳೂರಿನ ಬಗ್ಗೆಯೂ ಅಲ್ಲ, ಶಾಲೆಯ ಬಗ್ಗೆಯೂ ಅಲ್ಲ. ಎರಡರ ಮಧ್ಯೆ ನಿಂತಿರುವವರ ಬಗ್ಗೆ. ಡಿಡಿಪಿಐ (ಜಿಲ್ಲೆಯ ಉಪನಿರ್ದೇಶಕರು) ಕಚೇರಿಯ ವಿಷಯ ಪರಿವೀಕ್ಷಕರು, ಡಯಟ್‌ನ (ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ) ಉಪನ್ಯಾಸಕರು, ಬಿಆರ್‌ಪಿಗಳು, ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಿಆರ್‌ಪಿಗಳು. ಪಾಠ, ಪರೀಕ್ಷೆ, ಮೌಲ್ಯಮಾಪನದ ವಿಷಯದಲ್ಲಿ ಒಂದು ಜಿಲ್ಲೆಯನ್ನು ನಡೆಸಬೇಕಾದವರು ಇವರೇ. ಮೇಷ್ಟ್ರಿಗೆ ಅನುಮಾನ ಬಂದರೆ ಮೊದಲು ಫೋನ್ ಹೋಗುವುದು ಇವರಿಗೇ. ಆದರೆ ರಾಜ್ಯದಲ್ಲಿ ಏನು ಬದಲಾಯಿತು ಅನ್ನುವುದು ಇವರಿಗೆ ಗೊತ್ತಾಗುವುದು ಯಾವಾಗ? ಮೇಷ್ಟ್ರಿಗೆ ಗೊತ್ತಾದಾಗಲೇ. ಕೆಲವು ಸಲ ಮೇಷ್ಟ್ರು ಹೇಳಿದ ಮೇಲೆ.

ತಪಾಲಿನ ದಿನಗಳು

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಸುತ್ತೋಲೆ ತಪಾಲಿನಲ್ಲಿ ಬರುತ್ತಿತ್ತು. ಬೆಂಗಳೂರಿನಿಂದ ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಶಾಲೆಗೆ. ಹಳ್ಳಿ ಶಾಲೆಗೆ ಬರುವ ಹೊತ್ತಿಗೆ ವಾರಗಳೇ ಕಳೆದಿರುತ್ತಿದ್ದವು. ಪಾವಗಡದಂಥ ತಾಲ್ಲೂಕಿನ ಕಷ್ಟ ಕೇಳಲೇಬೇಡಿ. ಮೂರು ಕಡೆ ಆಂಧ್ರ, ತುಮಕೂರಿಗೆ ನೂರು ಕಿಲೋಮೀಟರ್ ಆಸುಪಾಸು. ಆ ನಿಧಾನದಿಂದ ಮಕ್ಕಳಿಗೆ ನಷ್ಟ ಆಗುತ್ತಿತ್ತು. ಅದನ್ನು ಒಳ್ಳೆಯ ಕಾಲ ಅಂತ ನಾನು ಹೇಳುವುದಿಲ್ಲ.

ಆದರೆ ಆಗ ಒಂದು ಅನುಕೂಲ ಇತ್ತು. ಅದನ್ನು ಯಾರೂ ಬೇಕೆಂದು ಮಾಡಿದ್ದಲ್ಲ, ತಾನಾಗೇ ಇತ್ತು. ಮಧ್ಯದಲ್ಲಿರುವವರಿಗೆ ಓದಲು ಸಮಯ ಸಿಗುತ್ತಿತ್ತು. ನಮಗೆ ಒಬ್ಬರು ವಿಜ್ಞಾನ ವಿಷಯ ಪರಿವೀಕ್ಷಕರಿದ್ದರು. ತಿಂಗಳ ಸಭೆಗೆ ಬರುವಾಗ ಅವರ ಕೈಯಲ್ಲಿ ಸುತ್ತೋಲೆಯ ಒಂದೇ ಪ್ರತಿ ಇರುತ್ತಿತ್ತು. ಅದರ ಅಂಚಿನ ತುಂಬ ಪೆನ್ಸಿಲಿನಲ್ಲಿ ಬರೆದ ಸಾಲುಗಳು. ‘ಇದು ಎಂಟನೇ ತರಗತಿಗೆ ಮಾತ್ರ’, ‘ಹಳೆಯ ಪ್ರಾಯೋಗಿಕ ಪಟ್ಟಿ ಹಾಗೇ ಇದೆ’, ‘ಇದು ಕೇಳಬೇಕು’ ಹೀಗೆ. ಸಭೆಯಲ್ಲಿ ಅವರು ಸುತ್ತೋಲೆಯನ್ನು ಓದುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ನಮ್ಮ ಮಧ್ಯೆ ಕೂತು, “ನೋಡ್ರಪ್ಪ, ಇದರಲ್ಲಿ ನಿಮ್ಮ ಕೆಲಸ ಬದಲಾಗೋದು ಎರಡೇ ಕಡೆ” ಅಂತ ಶುರು ಮಾಡುತ್ತಿದ್ದರು. ನಾವು ಪ್ರಶ್ನೆ ಕೇಳಿದರೆ ಅರ್ಧಕ್ಕೆ ಅಲ್ಲೇ ಉತ್ತರ ಸಿಗುತ್ತಿತ್ತು. ಉಳಿದರ್ಧವನ್ನು ಅದೇ ಅಂಚಿನಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಮುಂದಿನ ತಿಂಗಳು ಉತ್ತರ ತರುತ್ತಿದ್ದರು.

ಒಮ್ಮೆ ನಾನೇ ಅವರನ್ನು ಕೇಳಿದ್ದೆ, ಸಾರ್, ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟುಬಿಟ್ಟರೆ ಆಗಲ್ವಾ ಅಂತ. “ಪ್ರತಿ ಕೊಡಬಹುದು. ಆದರೆ ನಾನು ಓದದೆ ನಿಮಗೆ ಕೊಟ್ಟರೆ, ನೀವು ಕೇಳೋ ಮೊದಲನೇ ಪ್ರಶ್ನೆಗೇ ನಾನು ಬಾಯಿ ಮುಚ್ಚಬೇಕಾಗುತ್ತೆ. ಆಮೇಲೆ ನೀವು ಎರಡನೇ ಪ್ರಶ್ನೆ ಕೇಳೋದೇ ಇಲ್ಲ” ಅಂದರು. ಆ ಮಾತಿನ ತೂಕ ನನಗೆ ಸರಿಯಾಗಿ ಗೊತ್ತಾಗಿದ್ದು ನಾನು ಬಿಆರ್‌ಪಿ ಆದ ಮೇಲೆ.

ಈಗ ಬೆಂಗಳೂರಿನಲ್ಲಿ ಸಹಿ ಬಿದ್ದ ಸುತ್ತೋಲೆ ಸಂಜೆಯೊಳಗೆ ಪಾವಗಡದ ಗಡಿ ಶಾಲೆಯ ಮೇಷ್ಟ್ರ ಫೋನಿನಲ್ಲಿರುತ್ತದೆ. ಅದೇ ನಿಮಿಷದಲ್ಲಿ ವಿಷಯ ಪರಿವೀಕ್ಷಕರ ಫೋನಿಗೂ ಬಂದಿರುತ್ತದೆ. ಅವರು ಯಾವುದೋ ಶಾಲೆಯ ಭೇಟಿಯಲ್ಲೋ ವಿಡಿಯೊ ಸಭೆಯಲ್ಲೋ ಇರುತ್ತಾರೆ. ತೆರೆದು ನೋಡುವ ಮೊದಲೇ ಫೋನ್ ಶುರು. “ಸಾರ್, ಇದು ಈ ವರ್ಷಕ್ಕಾ ಮುಂದಿನ ವರ್ಷಕ್ಕಾ?” ಅವರಿಗೂ ಗೊತ್ತಿಲ್ಲ. “ಸುತ್ತೋಲೆ ನೋಡಿಕೊಳ್ಳಿ” ಅನ್ನುತ್ತಾರೆ. ಬೇರೆ ಏನು ಹೇಳುತ್ತಾರೆ ಪಾಪ. ಬದಲಾವಣೆಯನ್ನು ಅರ್ಥ ಮಾಡಿಸಬೇಕಾದ ಮನುಷ್ಯ ಸುಮ್ನೆ ಅದನ್ನು ಮುಂದೆ ಕಳಿಸುವವನಾಗಿಬಿಟ್ಟಿದ್ದಾನೆ.

ನಮ್ಮ ತುಮಕೂರು, ಕೋಲಾರದ ಕಡೆ ಕೆರೆ ನೀರು ಬಿಡುವುದಕ್ಕೆ ನೀರಗಂಟಿ ಅಂತ ಇರುತ್ತಿದ್ದರು. ಕೆರೆ ತುಂಬಿದೆ ಅಂತ ತೂಬು ಕಿತ್ತುಬಿಟ್ಟರೆ ಮೊದಲ ಗದ್ದೆ ಕೊಚ್ಚಿಹೋಗುತ್ತದೆ, ಕೊನೆಯ ಗದ್ದೆ ಒಣಗುತ್ತದೆ. ಯಾವ ಗದ್ದೆಗೆ ಯಾವತ್ತು, ಎಷ್ಟು ಹೊತ್ತು ಅನ್ನುವುದು ಅವನಿಗೆ ಗೊತ್ತಿರುತ್ತಿತ್ತು. ಶಿಕ್ಷಣ ಇಲಾಖೆಯಲ್ಲಿ ಆ ಕೆಲಸ ಈ ಮಧ್ಯದವರದು. ಹಾಗಾಗಿ ನೀರು ಬಿಡುವ ಸುದ್ದಿ ಅವರಿಗೆ ಮೊದಲು ಗೊತ್ತಾಗಬೇಕು.

ಮಾರ್ಚ್ 2024ರ ಆ ಸಂಜೆ

ಆ ವರ್ಷ 5, 8 ಮತ್ತು 9ನೇ ತರಗತಿಗೆ ರಾಜ್ಯಮಟ್ಟದ ಪ್ರಶ್ನೆಪತ್ರಿಕೆಯ ಪರೀಕ್ಷೆ ನಿಗದಿಯಾಗಿತ್ತು. ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ರಂದು ಪರೀಕ್ಷೆ ಶುರುವಾಯಿತು. 12ರಂದು ಸುಪ್ರೀಂ ಕೋರ್ಟ್ ವಿಭಾಗೀಯ ಪೀಠದ ಮಧ್ಯಂತರ ಆದೇಶವನ್ನು ತಳ್ಳಿಹಾಕಿತು. ಪರೀಕ್ಷೆ ನಡುವೆಯೇ ನಿಂತಿತು. 22ರಂದು ಹೈಕೋರ್ಟ್ ಮತ್ತೆ ಅನುಮತಿ ಕೊಟ್ಟಿತು, 25ರಿಂದ ಉಳಿದ ವಿಷಯಗಳ ಪರೀಕ್ಷೆ ನಡೆಯಿತು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಮತ್ತೆ ತಡೆ ಕೊಟ್ಟು, ಫಲಿತಾಂಶ ಪ್ರಕಟಿಸಬೇಡಿ ಅಂದಿತು.

ಮಾರ್ಚ್ 12ರ ಸಂಜೆ ನನಗೆ ಇವತ್ತಿಗೂ ಮರೆತಿಲ್ಲ. ಟಿವಿಯಲ್ಲಿ ಕೆಂಪು ಪಟ್ಟಿ ಓಡುತ್ತಿತ್ತು. ನನ್ನ ಫೋನ್ ನಿಲ್ಲಲೇ ಇಲ್ಲ. ಒಬ್ಬ ಮುಖ್ಯೋಪಾಧ್ಯಾಯರು ತೋಟದಲ್ಲಿ ನಿಂತು ಮಾತಾಡುತ್ತಿದ್ದರು, ಸಿಗ್ನಲ್ ಅಲ್ಲೇ ಸಿಗುವುದಂತೆ. “ಸಾರ್, ನಾಳೆ ಪರೀಕ್ಷೆ ಇದೆಯೋ ಇಲ್ವೋ? ಮಕ್ಕಳ ಅಪ್ಪ ಅಮ್ಮ ಮನೆ ಹತ್ರ ಬಂದು ಕೇಳ್ತಿದಾರೆ. ಐದನೇ ಕ್ಲಾಸಿನ ಹುಡುಗಿ ಒಬ್ಬಳು ಅಳ್ತಾ ಇದಾಳೆ, ಓದಿದ್ದೆಲ್ಲ ದಂಡ ಆಯ್ತಾ ಅಂತ.” ನಾನು ಮೇಲಿನವರಿಗೆ ಫೋನ್ ಮಾಡಿದೆ. ಅವರು ತಮ್ಮ ಮೇಲಿನವರಿಗೆ. ಎಲ್ಲರೂ ಅದೇ ಟಿವಿ ನೋಡುತ್ತಿದ್ದರು.

ಕೋರ್ಟಿನ ವೇಗಕ್ಕೆ ಯಾರನ್ನೂ ದೂರಲು ಆಗುವುದಿಲ್ಲ. ಆದೇಶದ ಪ್ರತಿ ಕೈಗೆ ಬರುವ ತನಕ ಯಾವ ಅಧಿಕಾರಿಯೂ ಲಿಖಿತವಾಗಿ ಏನೂ ಹೇಳಲಾರ, ಅದು ಸರಿಯೇ. ಆದರೆ ಅವತ್ತು ಸಂಜೆ ಐದು ಗಂಟೆಗೆ ಒಂದೇ ಒಂದು ಸಾಲು ಬಂದಿದ್ದರೆ ಸಾಕಿತ್ತು. ‘ಆದೇಶದ ಪ್ರತಿಗೆ ಕಾಯುತ್ತಿದ್ದೇವೆ. ರಾತ್ರಿ ಎಂಟಕ್ಕೆ ತಿಳಿಸುತ್ತೇವೆ. ಅಲ್ಲಿಯ ತನಕ ಪ್ರಶ್ನೆಪತ್ರಿಕೆ ಬಂಡಲ್ ತೆರೆಯಬೇಡಿ.’ ಇಷ್ಟು ಗೊತ್ತಿದ್ದರೆ ನಾನು ತೋಟದಲ್ಲಿ ನಿಂತಿದ್ದ ಆ ಮೇಷ್ಟ್ರಿಗೆ ಧೈರ್ಯವಾಗಿ ಹೇಳುತ್ತಿದ್ದೆ. ಅವರು ಮನೆ ಬಾಗಿಲಿಗೆ ಬಂದ ತಾಯಂದಿರಿಗೆ ಹೇಳುತ್ತಿದ್ದರು. ಇನ್ನೂ ತೀರ್ಮಾನ ಆಗಿಲ್ಲ ಅನ್ನುವುದೂ ಮಾಹಿತಿಯೇ. ಅದನ್ನು ಮೇಲಿನವರು ಹೇಳದಿದ್ದರೆ ಆ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ.

ಇದಕ್ಕೆ ಉಲ್ಟಾ ಒಂದು ಉದಾಹರಣೆಯೂ ನಮ್ಮ ಕಡೆಯೇ ಇದೆ. 2020ರಲ್ಲಿ ಕೊರೊನಾ ಬಂದು ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮಾರ್ಚ್‌ನಿಂದ ಜೂನ್ ಕೊನೆಗೆ ಹೋಯಿತು. ಎಲ್ಲರಿಗೂ ಜೀವಭಯ. ಆದರೆ ಮಾಸ್ಕ್, ಅಂತರ, ಥರ್ಮಲ್ ಸ್ಕ್ಯಾನರ್, ಯಾವ ಕೊಠಡಿಯಲ್ಲಿ ಎಷ್ಟು ಮಕ್ಕಳು ಅನ್ನುವ ವಿವರ ಮುಂಚೆಯೇ ಬಂದಿತ್ತು. ಚಂದನದಲ್ಲಿ ಪುನರ್ಮನನ ತರಗತಿಗಳು ನಡೆದವು. ಯಾರನ್ನು ಏನು ಕೇಳಬೇಕು ಅಂತ ನಮಗೆ ಗೊತ್ತಿತ್ತು. ಆ ವರ್ಷ ಫಲಿತಾಂಶದಲ್ಲಿ ಚಿಕ್ಕಬಳ್ಳಾಪುರ ರಾಜ್ಯಕ್ಕೇ ಮೊದಲು ಬಂತು, ನಮ್ಮ ಮಧುಗಿರಿ ಮೂರನೆಯದು. ಅದಕ್ಕೆ ಮಕ್ಕಳ, ಮೇಷ್ಟ್ರುಗಳ ದುಡಿಮೆಯೇ ಕಾರಣ. ನಾನು ಹೇಳುವುದು ಇಷ್ಟೇ: ಆ ಕಷ್ಟದ ದಿನಗಳಲ್ಲಿ ಗೊಂದಲ ಅನ್ನುವುದೊಂದು ಹೆಚ್ಚುವರಿ ಹೊರೆ ಆಗಿರಲಿಲ್ಲ.

ಗಡಿ ಶಾಲೆಯ ಮೇಡಂ

2023ರ ಜೂನ್‌ನಲ್ಲಿ ಸರ್ಕಾರ ಬದಲಾದ ಬೆನ್ನಿಗೇ 6ರಿಂದ 10ನೇ ತರಗತಿಯ ಕನ್ನಡ ಮತ್ತು ಸಮಾಜ ವಿಜ್ಞಾನ ಪುಸ್ತಕಗಳಲ್ಲಿ ಕೆಲವು ಪಾಠ ಕೈಬಿಟ್ಟು ಕೆಲವನ್ನು ಸೇರಿಸಲು ತೀರ್ಮಾನವಾಯಿತು. ಅಷ್ಟು ಹೊತ್ತಿಗೆ ಪುಸ್ತಕ ಅಚ್ಚಾಗಿ ಶಾಲೆಗೆ ಬಂದಿತ್ತು. ಹಾಗಾಗಿ ಹೊಸ ಪಾಠಗಳನ್ನು ಪೂರಕ ಪುಸ್ತಿಕೆಯಾಗಿ ಕೊಟ್ಟರು. ಯಾವ ಪಾಠ ಸರಿ, ಯಾವುದು ತಪ್ಪು ಅನ್ನುವ ಜಗಳ ಆಗ ಬೇಕಾದಷ್ಟು ಆಯಿತು. ನಾನು ಅದರ ಬಗ್ಗೆ ಹೇಳುತ್ತಿಲ್ಲ.

ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಶಾಲೆಗೆ ಹೋಗಿದ್ದೆ. ಅಲ್ಲಿನ ಬಹುಪಾಲು ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ. ಕನ್ನಡ ಅವರಿಗೆ ಶಾಲೆಯ ಮಾತು. ಅಲ್ಲಿನ ಕನ್ನಡ ಮೇಡಂ ಪ್ರತಿ ಪಾಠಕ್ಕೂ ಮುಂಚೆ ಒಂದು ಕೆಲಸ ಮಾಡುತ್ತಾರೆ. ಪಾಠದಲ್ಲಿ ಬರುವ, ಮಕ್ಕಳಿಗೆ ಗೊತ್ತಿಲ್ಲದ ಪದಗಳನ್ನು ಆರಿಸಿ, ರಟ್ಟಿನ ಮೇಲೆ ಚಿತ್ರ ಬರೆದು, ಆ ಪದ ಬರುವ ಸಣ್ಣ ಸಣ್ಣ ವಾಕ್ಯಗಳನ್ನು ವಾರಗಟ್ಟಲೆ ಮಕ್ಕಳ ಬಾಯಲ್ಲಿ ಆಡಿಸುತ್ತಾರೆ. ಪಾಠ ಶುರುವಾಗುವ ಹೊತ್ತಿಗೆ ಮಕ್ಕಳಿಗೆ ಅದು ಅಪರಿಚಿತ ಅನ್ನಿಸುವುದಿಲ್ಲ. ಬೇಸಿಗೆ ರಜೆಯಲ್ಲೇ ಅವರು ಮೊದಲ ಕೆಲವು ಪಾಠಗಳ ರಟ್ಟುಗಳನ್ನು ತಯಾರು ಮಾಡಿಟ್ಟುಕೊಳ್ಳುತ್ತಿದ್ದರು. ಆ ವರ್ಷ ತಯಾರು ಮಾಡಿದ್ದರಲ್ಲಿ ಒಂದು ಪಾಠ ಕೈಬಿಟ್ಟಿದ್ದಾಗಿತ್ತು. ಹೊಸ ಪಾಠದ ಹೆಸರು ಗೊತ್ತಾಗಿತ್ತು, ಪುಸ್ತಿಕೆ ಇನ್ನೂ ಕೈಗೆ ಬಂದಿರಲಿಲ್ಲ.

“ಪಾಠ ಬದಲಾಯಿಸಲಿ ಸಾರ್, ಅದು ಸರ್ಕಾರದ ತೀರ್ಮಾನ” ಅಂದರು. “ಆದರೆ ಹೊಸ ಪಾಠಕ್ಕೆ ನನಗೆ ತಯಾರಿ ಬೇಕಲ್ವಾ? ಊರಲ್ಲಿ ಕನ್ನಡ ಆಡೋ ಮಕ್ಕಳಿಗೆ ಇವತ್ತು ಪುಸ್ತಕ ಕೊಟ್ಟು ನಾಳೆ ಪಾಠ ಮಾಡಬಹುದು. ನನ್ನ ಮಕ್ಕಳಿಗೆ ಆಗಲ್ಲ. ಇದನ್ನ ಯಾರಿಗೆ ಹೇಳಬೇಕು?”

ಯಾರಿಗೆ ಹೇಳಬೇಕು ಅನ್ನುವುದು ನಿಜವಾದ ಪ್ರಶ್ನೆ. ಮಾಹಿತಿ ಮೇಲಿನಿಂದ ಕೆಳಗೆ ಬರಲು ಈಗ ಬೇಕಾದಷ್ಟು ದಾರಿ ಇದೆ. ಕೆಳಗಿನಿಂದ ಮೇಲಕ್ಕೆ ಹೋಗಲು ದಾರಿ ಇಲ್ಲ. ಅನೇಕ ಅಧಿಕೃತ ಗುಂಪುಗಳಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು. ಮೇಷ್ಟ್ರು ಓದಬಹುದು, ಅಷ್ಟೇ. ಆ ಮೇಡಂ ಹೇಳಿದ ಮಾತು ಪಠ್ಯ ರೂಪಿಸುವವರಿಗೆ ಎಷ್ಟು ಬೆಲೆಯದು! ಗಡಿ ತಾಲ್ಲೂಕುಗಳಿಗೆ ಬದಲಾವಣೆ ಒಂದು ತಿಂಗಳು ಮುಂಚೆ ಗೊತ್ತಾಗಬೇಕು ಅನ್ನುವ ಒಂದು ನಿಯಮ ಅದರಿಂದ ಹುಟ್ಟಬಹುದಿತ್ತು. ಪಾವಗಡಕ್ಕೆ ಮಾತ್ರ ಅಲ್ಲ, ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರಕ್ಕೂ ಅದು ಬೇಕು.

ಹಿಂದೆ ಇಂಥ ದಾರಿಯೊಂದು ಇತ್ತು. 2011ರ ಸುಮಾರಿಗೆ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯಿಂದ ಹೈಸ್ಕೂಲಿನ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೇಷ್ಟ್ರುಗಳಿಗೆ ವಿಷಯ ಶಿಕ್ಷಕರ ವೇದಿಕೆ ಅಂತ ಮಾಡಿದ್ದರು. ಕಂಪ್ಯೂಟರ್ ಮುಟ್ಟದಿದ್ದವರೂ ಅಲ್ಲಿ ಕಲಿತರು. ಶಿರಾದವರು ಕೇಳಿದ ಪ್ರಶ್ನೆಗೆ ಎಲ್ಲೋ ಇನ್ನೊಂದು ಜಿಲ್ಲೆಯ ಮೇಷ್ಟ್ರು ಉತ್ತರ ಕೊಡುತ್ತಿದ್ದರು. ಡಯಟ್‌ನವರಿಗೆ ಮೇಷ್ಟ್ರುಗಳ ಅನುಮಾನ ಎಲ್ಲಿದೆ ಅಂತ ಕಣ್ಣಿಗೆ ಕಾಣುತ್ತಿತ್ತು. ಆ ಅಭ್ಯಾಸವನ್ನು ನಾವು ಉಳಿಸಿಕೊಳ್ಳಬೇಕಿತ್ತು.

33 ಅಂದರೆ ಎಷ್ಟು

ಮಧ್ಯದವರಿಗೆ ಸಮಯ ಕೊಟ್ಟರೆ ಏನು ಮಾಡಬಹುದು ಅನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. 2025ರ ಅಕ್ಟೋಬರ್‌ನಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾಗಲು 35ರ ಬದಲು ಶೇಕಡಾ 33 ಸಾಕು ಅಂತ ಘೋಷಣೆಯಾಯಿತು. ಪತ್ರಿಕೆಯ ತಲೆಬರಹದಲ್ಲಿ ಬಂದಿದ್ದು ಅಷ್ಟೇ. ಮಕ್ಕಳು ಕೇಳಿಸಿಕೊಂಡಿದ್ದೂ ಅಷ್ಟೇ. ಆದರೆ ಒಳಗಿನ ಷರತ್ತು ಎರಡು. ಪ್ರತಿ ವಿಷಯದಲ್ಲೂ ಕನಿಷ್ಠ ಶೇಕಡಾ 30 ಬರಬೇಕು. ಒಟ್ಟು 625ಕ್ಕೆ 206 ಬರಬೇಕು.

ಈಗ ಹತ್ತನೇ ತರಗತಿಯ ಒಬ್ಬ ಹುಡುಗ, ವಿಷಯಕ್ಕೆ 30 ಬಂದರೆ ಪಾಸು ಅಂದುಕೊಂಡ ಅಂತ ಇಟ್ಟುಕೊಳ್ಳಿ. ಪ್ರಥಮ ಭಾಷೆ 125ಕ್ಕೆ ಇರುವುದರಿಂದ ಅಲ್ಲಿ 38 ತೆಗೆದ. ಉಳಿದ ಐದು ವಿಷಯದಲ್ಲಿ ಮೂವತ್ತು ಮೂವತ್ತು ತೆಗೆದ. ಒಟ್ಟು 188. ಇನ್ನೂ 18 ಅಂಕ ಕಡಿಮೆ. ಎಲ್ಲ ವಿಷಯದಲ್ಲೂ ದಾಟಿದ್ದಾನೆ, ಆದರೂ ಫೇಲು. ಆ 18 ಅಂಕ ಅವನು ಎಲ್ಲಿಂದ ತರಬೇಕು? ಕನ್ನಡದಲ್ಲಿ, ಸಮಾಜದಲ್ಲಿ ಅವನಿಗೆ ಸುಲಭವಾದ ಕಡೆ ಸ್ವಲ್ಪ ಜಾಸ್ತಿ ತೆಗೆಯಬೇಕು. ಗಣಿತದಲ್ಲಿ ಮೂವತ್ತಕ್ಕೆ ಹೆಣಗಾಡುವ ಹುಡುಗನಿಗೆ ಇದು ದೊಡ್ಡ ಸಹಾಯದ ಮಾತು. ಓದುವ ಯೋಜನೆಯೇ ಬದಲಾಗುತ್ತದೆ. ಈ ಲೆಕ್ಕ ಸುತ್ತೋಲೆಯಲ್ಲಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಇದನ್ನು ಮಾಡಬೇಕಾದವರು ವಿಷಯ ಪರಿವೀಕ್ಷಕರು. ಅರ್ಧ ದಿನ ಕೂತು, ಒಂದು ಪುಟದಲ್ಲಿ ಬರೆದು, ಎರಡು ಉದಾಹರಣೆ ಹಾಕಿ, ಜಿಲ್ಲೆಯ ಪ್ರತಿ ಹೈಸ್ಕೂಲಿಗೂ ಕಳಿಸಬೇಕು. ಆ ಅರ್ಧ ದಿನ ಅವರಿಗೆ ಕೊಡುವವರು ಯಾರು?

ತರಬೇತಿಯದೂ ಇದೇ ಕತೆ. 2022ರಲ್ಲಿ ಕಲಿಕಾ ಚೇತರಿಕೆಗಾಗಿ ಮೇ 16ಕ್ಕೇ ಶಾಲೆ ತೆರೆದರು. ಎರಡು ವರ್ಷ ಶಾಲೆ ಸರಿಯಾಗಿ ನಡೆಯದೆ ಮಕ್ಕಳು ಕಳೆದುಕೊಂಡಿದ್ದನ್ನು ತುಂಬಿಕೊಡುವ ಒಳ್ಳೆಯ ಯೋಚನೆ ಅದು. ರಾಜ್ಯಮಟ್ಟದಲ್ಲಿ ತರಬೇತಾದವರು ಜಿಲ್ಲೆಯವರಿಗೆ ಹೇಳಿದರು, ಜಿಲ್ಲೆಯವರು ತಾಲ್ಲೂಕಿನವರಿಗೆ, ತಾಲ್ಲೂಕಿನವರು ಮೇಷ್ಟ್ರುಗಳಿಗೆ. ಪ್ರತಿ ಹಂತದಲ್ಲೂ ‘ಹೇಗೆ’ ಅನ್ನುವುದು ಉಳಿಯಿತು, ‘ಯಾಕೆ’ ಅನ್ನುವುದು ಸ್ವಲ್ಪ ಸ್ವಲ್ಪ ಕಳೆದುಹೋಯಿತು. ಕೊನೆಗೆ ಕೆಲವು ಶಾಲೆಗಳಲ್ಲಿ ಕಲಿಕಾ ಹಾಳೆ ತುಂಬಿಸುವುದೇ ಕೆಲಸವಾಯಿತು. ಮೇಷ್ಟ್ರುಗಳಿಗೆ ಶ್ರದ್ಧೆ ಇರಲಿಲ್ಲ ಅಂತಲ್ಲ. ಈ ಹಾಳೆ ಹಿಂದಿನ ಯಾವ ತರಗತಿಯ ಯಾವ ಕಲಿಕೆಗೆ ಸೇರಿದ್ದು ಅಂತ ಕೂತು ಮಾತಾಡಿದ ಕಡೆ ಮಕ್ಕಳು ಮುಂದೆ ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಆಗಬೇಕಾದ್ದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಪಾಠ ಮತ್ತು ಪರೀಕ್ಷೆಗೆ ಸಂಬಂಧಿಸಿದ ಸುತ್ತೋಲೆಯನ್ನು ಮೊಟ್ಟೆ, ಹಾಲು, ಶೂ ಜೊತೆ ಸೇರಿಸಬೇಡಿ, ಅದಕ್ಕೆ ಬೇರೆ ದಾರಿ ಇರಲಿ. ಶಾಲೆಗೆ ಹೋಗುವ ಒಂದೆರಡು ದಿನ ಮುಂಚೆ ಡಯಟ್‌ಗೆ ಮತ್ತು ವಿಷಯ ಪರಿವೀಕ್ಷಕರಿಗೆ ಕೊಡಿ. ಅದನ್ನು ಬರೆದವರು ಅರ್ಧ ಗಂಟೆ ಅವರ ಪ್ರಶ್ನೆಗೆ ಸಿಗಲಿ. ಯಾವ ಹಳೆಯ ಸುತ್ತೋಲೆ ರದ್ದಾಯಿತು ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಇದು ತುಂಬ ಮುಖ್ಯ. ಎಷ್ಟೋ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆಯ ಹಳೆಯ ನೀಲನಕ್ಷೆ ಗೋಡೆಯ ಮೇಲೆ ಹಾಗೇ ಇರುತ್ತದೆ, ಮಕ್ಕಳು ಅದನ್ನೇ ನೋಡಿ ಓದುತ್ತಿರುತ್ತಾರೆ. ಇನ್ನು ಸಿಆರ್‌ಪಿಗಳಿಗೆ ಅಂಕಿಅಂಶ ತುಂಬುವ ಕೆಲಸ ಕಡಿಮೆ ಮಾಡಿ. ತಿಂಗಳ ಸಮಾಲೋಚನಾ ಸಭೆಯಲ್ಲಿ ಅರ್ಧ ಹೊತ್ತಾದರೂ ಪಾಠದ ಮಾತು ನಡೆಯಲಿ.

ಶಿಫಾರಸು ಬಂದ ವಾರ

2025ರ ಆಗಸ್ಟ್ 8ರಂದು ಪ್ರೊ. ಸುಖದೇವ್ ಥೋರಟ್ ಅವರ ಆಯೋಗ ರಾಜ್ಯ ಶಿಕ್ಷಣ ನೀತಿಯ ವರದಿಯನ್ನು ಸರ್ಕಾರಕ್ಕೆ ಕೊಟ್ಟಿತು. ದ್ವಿಭಾಷಾ ನೀತಿ, 5ನೇ ತರಗತಿಯ ತನಕ ಕನ್ನಡ ಇಲ್ಲವೇ ಮಾತೃಭಾಷೆಯಲ್ಲಿ ಪಾಠ, 2+8+4ರ ಹೊಸ ರಚನೆ (ಎರಡು ವರ್ಷ ಪೂರ್ವ ಪ್ರಾಥಮಿಕ, ಎಂಟು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಪ್ರೌಢ) ಅಂತ ಶಿಫಾರಸುಗಳು ಸುದ್ದಿಯಾದವು. ಆ ವಾರ ಕೋಲಾರದ ಕಡೆಯಿಂದ ಪರಿಚಯದ ಹಿಂದಿ ಮೇಷ್ಟ್ರೊಬ್ಬರು ನಿವೃತ್ತನಾದ ನನಗೂ ಫೋನ್ ಮಾಡಿದರು. “ಮುಂದಿನ ವರ್ಷದಿಂದ ನನ್ನ ವಿಷಯವೇ ಇರಲ್ವಾ ಸಾರ್?” ಅವರ ದನಿಯಲ್ಲಿ ನಿಜವಾದ ಭಯ ಇತ್ತು. ಆಯೋಗ ಕೊಟ್ಟಿದ್ದು ಶಿಫಾರಸು, ಸಂಪುಟ ಒಪ್ಪಬೇಕು, ಆದೇಶ ಆಗಬೇಕು, ಅಲ್ಲಿಯ ತನಕ ಈಗಿನ ವೇಳಾಪಟ್ಟಿಯೇ ಅಂತ ಹೇಳಿದೆ. ಇಷ್ಟನ್ನು ಅವರಿಗೆ ಅವರ ತಾಲ್ಲೂಕಿನಲ್ಲೇ ಒಬ್ಬರು ಹೇಳಬೇಕಿತ್ತು.

ಒಂದು ಡಯಟ್‌ನಲ್ಲಿರುವ ನನ್ನ ಗೆಳೆಯ ಆ ಕೆಲಸ ಮಾಡಿದ. ಇದೇ ಮಾತನ್ನು ಐದು ಸಾಲಿನಲ್ಲಿ ಬರೆದು ತನ್ನ ವ್ಯಾಪ್ತಿಯ ತಾಲ್ಲೂಕುಗಳ ಮೇಷ್ಟ್ರುಗಳಿಗೆ ಕಳಿಸಿದ. ಕೊನೆಗೆ, ನಿಮ್ಮ ಪ್ರಶ್ನೆ ಬರೆಯಿರಿ, ನಾನು ಮೇಲಕ್ಕೆ ಕಳಿಸುತ್ತೇನೆ ಅಂತ ಸೇರಿಸಿದ. ಪ್ರಶ್ನೆಗಳು ಬಂದವು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಇರುವ ಮಗುವಿಗೆ ಮಾತೃಭಾಷೆ ಅಂದರೆ ಯಾವುದು? ಉರ್ದು ಶಾಲೆಯ ಮಕ್ಕಳಿಗೆ ಎರಡು ಭಾಷೆ ಅಂದರೆ ಯಾವ ಎರಡು? 6ನೇ ತರಗತಿಯಿಂದ ಹಿಂದಿ ಕಲಿಸುತ್ತಿರುವವರನ್ನು ಯಾವ ಕೆಲಸಕ್ಕೆ ಹಾಕುತ್ತೀರಿ? ಅವನು ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ, ಪ್ರತಿ ಪ್ರಶ್ನೆಯ ಮುಂದೆ ಅದು ಯಾವ ತಾಲ್ಲೂಕಿನಿಂದ ಬಂತು ಅಂತ ಬರೆದು, ಬೆಂಗಳೂರಿಗೆ ಕಳಿಸಿದ್ದಾನೆ.